ಮರಿಕೋಸಿಗೆ ನಲವತ್ತು ನಿಮಿಷ

...ಬೇಡ ಅಂದ್ರೆ ಬೇಡ! ಕೂತ್ಕೋ ಅಮ್ಮ. ಬಲಗೈಗೆ ಮೊಣಕೈವರೆಗೂ ಪ್ಲಾಸ್ಟರು, ಎಡಗೈಯಲ್ಲಿ ಚಾಕು. ಇನ್ನೊಂದು ಪ್ಲಾಸ್ಟರಿಗೆ ಈಗಲೇ ಆಸ್ಪತ್ರೆಗೆ ಹೇಳಿಡಲಾ? ಆ ಸ್ಟೂಲಿನ ಮೇಲೆ ಕೂತು ಬೈತಾ ಇರು. ಬೈಯೋಕೆ ಕೈ ಬೇಕಿಲ್ಲವಲ್ಲ.

ನೀರಾ? ನೀರಿಡಲ್ಲ. ಪಾತ್ರೇನೂ ಇಡಲ್ಲ. ಇವತ್ತು ವರ್ಷಾಂತ್ಯದ ರಜೆ ಊಟಕ್ಕೆ ಮರಿಕೋಸು ಬೇಯಲ್ಲ, ಓವನ್ನಿನಲ್ಲಿ ಹುರಿಯುತ್ತೆ... ಏನು ಹಾಗೆ ನೋಡ್ತೀಯ? ಪ್ಯಾಕೆಟ್ಟಿನ ಮೇಲೆ ಬ್ರಸೆಲ್ಸ್ ಸ್ಪ್ರೌಟ್ಸ್ ಅಂತ ಇದೆ, ನೀನಿಟ್ಟ ಹೆಸರು ಮರಿಕೋಸು. ಅಣ್ಣನೂ ನಾನೂ ಇಟ್ಟಿದ್ದು ಬೇರೆ, ಅದು ಈ ವಯಸ್ಸಲ್ಲಿ ಬಾಯಲ್ಲಿ ಬರಬಾರದು.

ನಕ್ಕೆಯಾ? ನಗು ನಗು. ನಗುವಾಗಲೇ ಕೇಳಿಬಿಡ್ತೀನಿ. ಈಗ ಹನ್ನೊಂದು ಗಂಟೆ, ಊಟ ಒಂದಕ್ಕೆ. ಅಣ್ಣನ ಮನೆಯಿಂದ ಇಲ್ಲಿಗೆ ಇಪ್ಪತ್ತು ನಿಮಿಷ. ನೀನು ಒಂದೇ ಒಂದು ಫೋನ್ ಮಾಡಿದ್ರೆ ಅತ್ತಿಗೆ, ಪುಟ್ಟಿ ಇಬ್ಬರೂ ಅವನ ಜೊತೆ ಬರ್ತಾರೆ. ಇಲ್ಲದಿದ್ರೆ ಮೂರು ವರ್ಷದಿಂದ ಆಗ್ತಿರೋದೇ. ಅವನೊಬ್ಬನೇ ಬರೋದು, ಬಸ್ಸು ತಪ್ಪುತ್ತೇನೋ ಅನ್ನೋ ಹಾಗೆ ನುಂಗಿ ಎದ್ದುಹೋಗೋದು... ಮಾಡಲ್ವಾ? ಸರಿ. ಕೋಸು ಆದಮೇಲೆ ಮತ್ತೆ ಕೇಳ್ತೀನಿ. ಹಠದಲ್ಲಿ ನಾನು ಯಾರ ಮಗ?

ನೋಡು, ಇಷ್ಟೇ ಕೆಲಸ. ಹಳದಿ ಎಲೆ ಕಿತ್ತು ಹಾಕು, ಬುಡ ಒಂದು ಚೂರು ಕೊಯ್ಯಿ, ಎರಡು ಹೋಳು ಮಾಡು. ಬುಡಕ್ಕೆ ನೀನು ಕೊಯ್ತಿದ್ದೆಯಲ್ಲ, ಅಡ್ಡ ಒಂದು ಉದ್ದ ಒಂದು, ಶಸ್ತ್ರಚಿಕಿತ್ಸೆ ಥರ? ಅದು ಬೇಡ. ರೋಗಿ ಹೇಗಿದ್ರೂ ಉಳೀತಿರಲಿಲ್ಲ.

ಯಾಕೆ ಮುಖ ಊದಿಸ್ಕೊಂಡೆ? ನಿನ್ನ ತಪ್ಪು ಅಂತ ಯಾರಂದ್ರು? ಅಪ್ಪನಿಗೆ ಟೈಫಾಯ್ಡ್ ಆದಾಗ ಡಾಕ್ಟರು ಹೇಳಿದ್ರು, ಸೊಪ್ಪು ತರಕಾರಿ ಚೆನ್ನಾಗಿ ಬೇಯಿಸಿ ಕೊಡಿ ಅಂತ. ನೀನು ಗಡಿಯಾರ ನೋಡಿ ನಲವತ್ತು ನಿಮಿಷ ಬೇಯಿಸಿದೆ. ಟೈಫಾಯ್ಡ್ ಹೋಯ್ತು, ಡಾಕ್ಟರೂ ಹೋದ್ರು, ಕೊನೆಗೆ ಅಪ್ಪನೂ ಹೋದ. ನಲವತ್ತು ನಿಮಿಷ ಮಾತ್ರ ಹೋಗಲಿಲ್ಲ.

ನಾವೂ ಸಾಚಾಗಳಲ್ಲ ಬಿಡು. ವರ್ಷ ವರ್ಷ ಚೆನ್ನಾಗಿದೆ ಚೆನ್ನಾಗಿದೆ ಅಂದ್ವಿ. ನೀನು ನಂಬಿ ಮುಂದಿನ ವರ್ಷ ಇನ್ನೂ ಅರ್ಧ ಕಿಲೋ ಜಾಸ್ತಿ ತಂದೆ. ಅಣ್ಣ ಜೇಬಿಗೆ ತುಂಬ್ಕೋತಿದ್ದ, ಗೊತ್ತಾ? ಚಿಕ್ಕಮ್ಮನ ಕೈಚೀಲ ನೋಡಬೇಕಿತ್ತು ನೀನು! ನಿನ್ನ ಸ್ವಂತ ತಂಗಿ! ಹೋಗಿ ಹೋಗಿ ಅವಳ ಮಾತು ನಂಬ್ತೀಯ.

ಆಯ್ತು, ಆ ವಿಷಯ ಎತ್ತಲ್ಲ.

ಈಗ ಒರೆಸೋದು. ಒಣಬಟ್ಟೆ ಮೇಲೆ ಹರಡಿ ಚೆನ್ನಾಗಿ ಒರೆಸಬೇಕು. ಒದ್ದೆ ಇದ್ರೆ ಹುರಿಯಲ್ಲ, ಹಬೆಯಲ್ಲಿ ಬೆಂದು ಮತ್ತೆ ಹಳೇ ಕಥೆ. ಎಣ್ಣೆ, ಉಪ್ಪು, ಕಾಳುಮೆಣಸು. ಟ್ರೇ ಮೊದಲೇ ಕಾದಿರಬೇಕು. ಕೊಯ್ದ ಮುಖ ಕೆಳಗೆ. ಒತ್ತೊತ್ತಾಗಿ ಬೇಡ, ಒಂದಕ್ಕೊಂದು ತಾಗದ ಹಾಗೆ. ಹಾ... ಸದ್ದು ಕೇಳಿಸ್ತಾ? ಇಪ್ಪತ್ತು ನಿಮಿಷ.

ಏನು? ಎಲ್ಲಿ ಕಲಿತೆ ಅಂತಾನಾ? ಹದಿನೆಂಟು ವರ್ಷದಿಂದ ಕಾಲೇಜಲ್ಲಿ ಕೆಮಿಸ್ಟ್ರಿ ಹೇಳ್ತಿದ್ದೀನಿ ಅಮ್ಮ, ಒಂದು ಕೋಸು ಹುರಿಯೋಕೆ ಬರಲ್ವಾ? ಇದರೊಳಗೆ ಗಂಧಕ ಇದೆ. ಜಾಸ್ತಿ ಬೇಯಿಸಿದಷ್ಟೂ ಅದು ಎದ್ದು ಬರುತ್ತೆ... ಸರಿ, ಹಾಗೆ ನೋಡಬೇಡ. ಅತ್ತಿಗೆ ಮಾಡ್ತಿದ್ದ ರೀತಿ ಇದು. ಸಾಕಾ? ಆವತ್ತು ಟ್ರೇ ತುಂಬ ಮಾಡಿದ್ರು, ಯಾರೂ ಮುಟ್ಟೋಕೆ ಮೊದಲೇ ನೀನು ಎದ್ದುನಿಂತೆ. ಮುಂದಿನ ವರ್ಷದಿಂದ ನನ್ನ ಮೇಜಿಗೆ ಬರಬೇಡ ಅಂದೆ. ಅವರು ಒಂದು ಮಾತೂ ಆಡದೆ ಪುಟ್ಟಿ ಕೈ ಹಿಡ್ಕೊಂಡು ಹೊರಟ್ರು.

ಹೌದಪ್ಪಾ, ಅವರು ನಿನ್ನ ಅಡಿಗೆಗೆ ಏನೋ ಅಂದ್ರು, ಚಿಕ್ಕಮ್ಮ ಅಡಿಗೆಮನೆ ಬಾಗಿಲಲ್ಲಿ ಕೇಳಿಸ್ಕೊಂಡು ನಿನ್ನ ಕಿವಿಯಲ್ಲಿ ಊದಿದಳು. ಏನು ಅಂದ್ರು ಅಂತ ನೀನು ಯಾರಿಗೂ ಹೇಳಲಿಲ್ಲ, ಅಣ್ಣನಿಗೂ ಕೂಡ. ನನಗೆ ಹೇಗೆ ಗೊತ್ತಾಗಬೇಕು? ನಾನು ಆಗ ಬ್ರೆಡ್ ತರೋಕೆ ಹೋಗಿದ್ದೆ. ವಾಪಸ್ ಬಂದಾಗ ಎಲ್ಲ ಮುಗಿದಿತ್ತು.

ಕ್ಷಮೆ ಕೇಳಲಿ ಅಂತೀಯ. ಮೂರು ವರ್ಷದಿಂದ ಅದನ್ನೇ ಅಂತೀಯ. ಪುಟ್ಟಿಗೆ ಈಗ ಹತ್ತು, ಅಮ್ಮ. ನೀನು ಅಣ್ಣನ ಕೈಯಲ್ಲಿ ಕಳಿಸಿದ ಸ್ವೆಟರಿನ ತೋಳು ಮೊಣಕೈವರೆಗೇ ಬಂತಂತೆ. ಏಳು ವರ್ಷದ ಅಳತೆಗೇ ಹೆಣೀತಾ ಇದ್ದೀಯ... ಕಣ್ಣೊರೆಸ್ಕೋಬೇಡ, ಈರುಳ್ಳಿನೂ ಹೆಚ್ಚಿಲ್ಲ ಇಲ್ಲಿ, ನೆಪ ಸಿಗಲ್ಲ.

ಆಯ್ತು ಆಯ್ತು! ಈಚೆ ಬಾ, ಬಿಸಿ. ಮೇಲೊಂದಿಷ್ಟು ನಿಂಬೆರಸ. ಬಾದಾಮಿ ಚೂರು. ನೋಡು ಬಣ್ಣ, ಅಂಚು ಕಪ್ಪು, ಒಳಗೆ ಹಸಿರು. ತಗೋ. ಊದ್ಕೊಂಡು ತಿನ್ನು.

...ಹೇಗಿದೆ?

ಸುಮಾರು ಅಂದ್ರೆ? ಸುಮಾರು ಅಂತ ಹೇಳಿ ಇನ್ನೊಂದಕ್ಕೆ ಕೈ ಹಾಕ್ತಿದ್ದೀಯಲ್ಲ! ಮೂರನೇದು! ಎಡಗೈ ಎಷ್ಟು ಚುರುಕು ನೋಡು! ಪಾಪ, ನೀನೂ ಇಷ್ಟು ವರ್ಷ ಆ ಬೇಯಿಸಿದ್ದನ್ನ ತಿನ್ನಲಾರದೇ ತಿಂದೆ, ಅಲ್ವಾ? ಹೇಳಿಬಿಡು, ನಾನೊಬ್ಬನೇ ಇರೋದು... ಆಹಾ! ತಲೆ ಆಡಿಸಿದಳು! ಒಪ್ಪಿಕೊಂಡಳು! ಇಡೀ ಮನೆ ಮೂವತ್ತು ವರ್ಷ ಒಬ್ಬರಿಗೋಸ್ಕರ ಒಬ್ಬರು ಅದನ್ನ ತಿಂದ್ವಿ! ಮುಚ್ಚಳ ತೆಗೆದ್ರೆ ಮೂರು ಬೀದಿಗೆ ವಾಸನೆ, ಇಡೀ ಫುಟ್‌ಬಾಲ್ ಟೀಮಿನ ಕಾಲುಚೀಲ ಬೇಯಿಸಿ ಬಸಿದ ಹಾಗೆ...

ಯಾಕಮ್ಮ?

ಯಾಕೆ ನಿಲ್ಲಿಸಿದೆ? ತಿನ್ನು. ಸುಮಾರು ಅಂತಾನೇ ಮೂರು ತಿಂದೆಯಲ್ಲ. ತಮಾಷೆಗೆ ಅಂದೆ. ನಗು ಅಂತ ಅಂದೆ... ಬೇರೆ ಹೊತ್ತಲ್ಲಾದ್ರೆ ನೀನೇ ನಗ್ತಿದ್ದೆ.

ಅಮ್ಮ?

ಅದು... ಅಣ್ಣ ಯಾವಾಗಲೋ ಹೇಳಿರಬೇಕು. ಅಣ್ಣನೇ... ಹೌದು, ಅವನಿಗೆ ಗೊತ್ತಿಲ್ಲ. ಈಗ ತಾನೇ ನಾನೇ ಹೇಳಿದೆ. ಹಾಗಾದ್ರೆ ಚಿಕ್ಕಮ್ಮ... ಹೇಳಿಲ್ಲ. ಯಾರಿಗೂ ಹೇಳಲ್ಲ ಅಂತ ನಿನ್ನ ಮೇಲೆ ಆಣೆ ಇಟ್ಟಿದ್ದಳು, ಅಲ್ವಾ?

ಏನಾದ್ರೂ ಅನ್ನು ಅಮ್ಮ. ಬೈ. ಆ ಸೌಟು ತಗೊಂಡು ಹೊಡಿ.

ಬ್ರೆಡ್ ತಂದಿದ್ದೆ, ಸುಳ್ಳಲ್ಲ. ಅದು ಆಮೇಲೆ. ಮೊದಲು ಇಲ್ಲೇ ಇದ್ದೆ, ಈ ಜಾಗದಲ್ಲೇ. ನಿನ್ನ ಪಾತ್ರೆ ಮುಚ್ಚಳ ತೆಗೆದು ನಾನು ಆ ಕಾಲುಚೀಲದ ಮಾತಂದೆ. ಅತ್ತಿಗೆ ನಕ್ಕರು. ಅಷ್ಟೇ ಅವರು ಮಾಡಿದ್ದು, ನಕ್ಕಿದ್ದು! ಬಾಗಿಲ ಹೊರಗಿದ್ದ ಚಿಕ್ಕಮ್ಮನಿಗೆ ಪಿಸುಮಾತು ಕೇಳಿಸಿತು, ನಗು ಕೇಳಿಸಿತು, ಮಾತೂ ಅತ್ತಿಗೆಯದೇ ಅಂತ ಲೆಕ್ಕ ಹಾಕ್ಕೊಂಡಳು. ಬ್ರೆಡ್ ಹಿಡ್ಕೊಂಡು ಬಂದ್ರೆ ನೀನು ಎದ್ದುನಿಂತಿದ್ದೆ. ಅತ್ತಿಗೆ ನನ್ನ ಮುಖ ನೋಡಿದ್ರು. ಒಂದೇ ಸಲ. ನಾನು... ನಾನು ಬ್ರೆಡ್ ಕತ್ತರಿಸೋಕೆ ಶುರು ಮಾಡಿದೆ.

ನಾಳೆ ಹೇಳೋಣ ಅಂದ್ಕೊಂಡೆ. ಆಮೇಲೆ ಹೊಸ ವರ್ಷಕ್ಕೆ ಅಂದ್ಕೊಂಡೆ. ಆಮೇಲೆ, ಅಷ್ಟು ದಿನ ಯಾಕೆ ಹೇಳಲಿಲ್ಲ ಅಂತ ಕೇಳ್ತೀಯಲ್ಲ ಅಂತ ಹೇಳಲಿಲ್ಲ. ನಗ್ತೀಯಾ? ಕಾಲೇಜಲ್ಲಿ ಹುಡುಗರಿಗೆ ಪುರಾವೆ ಇಲ್ಲದೆ ಏನನ್ನೂ ನಂಬಬೇಡಿ ಅಂತ ಭಾಷಣ ಬಿಗೀತೀನಿ.

ಎಲ್ಲಿಗೆ ಎದ್ದೆ? ಮೆಲ್ಲಗೆ, ನೆಲ ಒದ್ದೆ ಇದೆ... ಫೋನಾ? ಕೊಡು, ನಂಬರು ನಾನು ಒತ್ತಿ ಕೊಡ್ತೀನಿ. ನೀನು ಮಾತಾಡು... ನಾನಾ? ಮೊದಲು ನಾನಾ?

...ಹಲೋ, ಅತ್ತಿಗೆ? ನಾನು. ಅಮ್ಮನಿಗೆ ಗೊತ್ತಾಯ್ತು... ಇಲ್ಲ, ಧೈರ್ಯ ಎಲ್ಲಿ ಬರಬೇಕು, ಬಾಯಿ ತಪ್ಪಿ ಬಂತು... ಹೌದು, ಅದೇ ಮಾತು. ತಪ್ಪಾಯ್ತು ಅತ್ತಿಗೆ... ಇಲ್ಲೇ ಎದುರಿಗಿದ್ದಾಳೆ. ಕೊಡ್ತೀನಿ.

ತಗೋ ಅಮ್ಮ. ಎಡಗೈಯಲ್ಲಿ ಹಿಡ್ಕೋ, ಜಾರುತ್ತೆ. ನಾನು ಆಚೆ ಹೋಗಿ ಮೇಜು ಒರೆಸ್ತೀನಿ, ನೀವಿಬ್ಬರೂ ನಿಧಾನವಾಗಿ...

ಬೇಡವಾ?

ಇಲ್ಲೇ ನಿಂತು ಕೇಳಬೇಕಾ?

...ನಿಂತಿದ್ದೀನಿ.