ಲಗ್ನಪತ್ರಿಕೆಯಲ್ಲಿ ಒಂದು ಹೆಸರು

ಜಮಖಂಡಿ ಬಸ್‌ಸ್ಟ್ಯಾಂಡ್ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಆಧಾರ್ ಕಾರ್ಡ್ ಹಿಡಿದು ನಿಂತಿದ್ದೆ. ನನ್ನ ಮುಂದೆ ಒಬ್ಬ ತಾಯಿ, ಮಗಳು. ಕಂಪ್ಯೂಟರಿನಲ್ಲಿ ಲಗ್ನಪತ್ರಿಕೆ ತೆರೆದಿತ್ತು.

"ಹುಡುಗ ಅವನ, ತಾರೀಖೂ ಅದನ ಇರ್ಲಿ. ಈ ವೈಶಾಲಿ ಹೆಸರು ತಗದು ಇಕಿ ತಂಗಿ ಐಶ್ವರ್ಯಾಂದು ಹಾಕ್ರಿ," ಅಂದಳು ತಾಯಿ.

"ನನ್ನ ಹೆಸರು ಕೆಳಗ, ಸ್ವಾಗತ ಕೋರುವವರಾಗ ಹಾಕ್ರಿ ಅಣ್ಣಾರ," ಅಂದಳು ಮಗಳು.

"ಬ್ಯಾಡ. ಅಕ್ಕಂದ್ಯಾಕ ಆಗಿಲ್ಲ ಅಂತ ಮಂದಿ ಕೇಳತಾರ. ಕಾಲಾಗಿನ ಬಿಳಿ ಕಲೆ ಬೀಗರಿಗಿ ತೋರ್ಸಂತ ಯಾರ ಹೇಳಿದ್ರು ನಿನಗ?"

"ತೋರ್ಸಿಲ್ಲವ್ವಾ. ಅವರ ಬಾಗಲದಾಗ ಕಾಲ ತೊಳಕೊಂಡೆ."

ಅಂಗಡಿಯವನು ಹೆಸರು ಬದಲಿಸಿದ. ಆಮೇಲೆ ಕೈತಪ್ಪಿ ಯಾವುದೋ ಕೀ ಒತ್ತಿದ್ದಕ್ಕೆ ವೈಶಾಲಿ ಮತ್ತೆ ಬಂದಳು.

"ಇದೇನ್ರಿ, ಮತ್ತ ಇಕಿನ ಬಂದ್ಳು?"

"ಅನ್‌ಡೂ ಬಟನ್ ಒತ್ತಿದ್ನೆವ್ವಾ. ಮಾಡಿದ್ದೆಲ್ಲಾ ಹಿಂದಕ್ಕ ಹೋಗತೈತಿ. ಕಡೀಕ ಮಾಡಿದ್ದು ಮೊದಲ ಅಳಸತೈತಿ."

"ಮನ್ಯಾಗೂ ಇಂಥಾದೊಂದು ಬಟನ್ ಇರಬೇಕಿತ್ತು. ಇಕಿ ಹುಟ್ಟಿದ್ದು ಅಳಿಸೂ ತನಕ ಒತ್ತತಿದ್ದೆ."

ಮಗಳು ಪತ್ರಿಕೆಯ ಮೇಲಿಂದ ಕಣ್ಣು ತೆಗೆಯಲಿಲ್ಲ.

"ಒತ್ತವ್ವಾ. ನಾ ಹಿರ್ಯಾಕಿ. ನನ್ನ ತನಕ ಬರೂದ್ರಾಗ ಐಶ್ವರ್ಯಾ ಹೋಗಿರತಾಳ."

ಝೆರಾಕ್ಸ್ ಮಶೀನ್ ಒಂದು ಹಾಳೆ ಉಗುಳಿತು. ಯಾರೂ ಅದನ್ನು ಎತ್ತಿಕೊಳ್ಳಲಿಲ್ಲ.

"ಯಾವ ಹೆಸರು ಇಡ್ಲೆವ್ವಾ?" ಅಂಗಡಿಯವನು ಕೇಳಿದ.

ತಾಯಿ ಸೆರಗು ಸರಿ ಮಾಡಿಕೊಂಡಳು.

"ಐಶ್ವರ್ಯಾಂದ ಇಡ್ರಿ," ಅಂದು ಮೆಟ್ಟಿಲಿಳಿದಳು.

ಮಗಳು ಸಾಕ್ಸ್ ಮೇಲೆಯೇ ಚಪ್ಪಲಿ ಮೆಟ್ಟಿಕೊಂಡು ಹಿಂದೆ ನಡೆದಳು.