ಪರವಾಗಿಲ್ಲ ಎಂದರೆ ಸೊನ್ನೆ

ಸಭೆಯ ಅಧ್ಯಕ್ಷರೇ, ನನ್ನ ಬಗ್ಗೆ ನನಗೇ ಗೊತ್ತಿಲ್ಲದಷ್ಟು ಒಳ್ಳೆಯ ಮಾತಾಡಿದ ಮುಖ್ಯ ಅತಿಥಿಗಳೇ, ಹಿಂದಿನ ಸಾಲಿನಲ್ಲಿ ಕೂತು ಆಗಲೇ ಗಡಿಯಾರ ನೋಡುತ್ತಿರುವ ವಿದ್ಯಾರ್ಥಿಗಳೇ, ಸಭಿಕರೇ,

ತಲೆನೋವನ್ನು ಗೆದ್ದ ಮಹಿಳೆ ಎಂದು ಅಧ್ಯಕ್ಷರು ನನ್ನನ್ನು ಪರಿಚಯಿಸಿದರು. ನಮ್ಮ ಸಂಸ್ಥೆಯ ಕಚೇರಿಯಲ್ಲಿ ನನ್ನ ಹೆಸರು ಬರೀ ತಲೆನೋವು. 'ತಲೆನೋವು ಬಂತು, ಫೈಲು ತೆಗೀರಿ' ಅನ್ನುತ್ತಾರೆ. ಇಪ್ಪತ್ತಾರು ವರ್ಷ ಮೈಗ್ರೇನ್ ಬಗ್ಗೆ ಕೆಲಸ ಮಾಡಿದವಳಿಗೆ ಇದಕ್ಕಿಂತ ನಿಖರವಾದ ಬಿರುದು ಸಿಗಲಾರದು.

ನನಗೆ ಒಂದು ದಿನವೂ ಮೈಗ್ರೇನ್ ಬಂದಿಲ್ಲ. ಬರುತ್ತಿದ್ದುದು ನನ್ನ ತಂಗಿಗೆ. ಇಬ್ಬರಿಗೂ ಒಂದೇ ಕೋಣೆ. ಅವಳು ಕಣ್ಣ ಮೇಲೆ ಒದ್ದೆ ಟವೆಲ್ ಹಾಕಿಕೊಂಡು ಮಲಗಿರುತ್ತಿದ್ದಳು. ನನಗೋ ಗಟ್ಟಿಯಾಗಿ ಓದದಿದ್ದರೆ ತಲೆಗೆ ಹತ್ತುತ್ತಿರಲಿಲ್ಲ. 'ಓದ್ಲೇನೇ?' ಅಂದರೆ 'ಪರವಾಗಿಲ್ಲ, ಓದು' ಅನ್ನುತ್ತಿದ್ದಳು. ನಾನು ಓದಿದೆ. ಮೊದಲ ಸ್ಥಾನ ಪಡೆದೆ. ಅದನ್ನೂ ಅತಿಥಿಗಳು ಈಗ ಹೇಳಿದರು.

ಇಂದು ನೀವು ಗೌರವಿಸುತ್ತಿರುವ ಸಂಶೋಧನೆ ಯಾವುದು? ಹಣೆಗೆ ಕಟ್ಟುವ ಒಂದು ಪಟ್ಟಿ. ಅದು ಮಿದುಳಿಗೆ ಅತಿ ಸಣ್ಣ ವಿದ್ಯುತ್ ಮಿಡಿತ ಕಳಿಸುತ್ತದೆ. ಅರವತ್ತು ಜನ ಆರು ತಿಂಗಳು ಕಟ್ಟಿಕೊಂಡರು. ದಿನಾ ಸಂಜೆ ಆ ದಿನದ ನೋವನ್ನು ಸೊನ್ನೆಯಿಂದ ಹತ್ತರೊಳಗೆ ಒಂದು ಪುಸ್ತಕದಲ್ಲಿ ಬರೆಯಬೇಕು. ಪುಸ್ತಕ ವಾರಕ್ಕೊಮ್ಮೆ ನಮಗೆ ತೋರಿಸಬೇಕು. ಮೂರು ದಿನ ಸತತವಾಗಿ ಏಳು ದಾಟಿದರೆ ಕರೆಸಿ ಸ್ಕ್ಯಾನ್ ಮಾಡಿಸಬೇಕು. ನಿಯಮ ನಾನೇ ಬರೆದದ್ದು. ಲೇಖನ ಅಚ್ಚಾದ ಮೇಲೂ ಪಟ್ಟಿ, ಪುಸ್ತಕ ಎರಡೂ ಮುಂದುವರಿದವು. ಅರವತ್ತರಲ್ಲಿ ನಲವತ್ತೊಂದನೆಯವಳು ನನ್ನ ತಂಗಿ.

ಕೆಲವರು ಅಂಕಿಯನ್ನೇ ಬರೆಯಲಿಲ್ಲ. ದಾಖಲಿಸುವ ಸಹಾಯಕಿ ಬಂದು ಕೇಳಿದಳು. 'ಮೇಡಂ, ಇವ್ರು ಪರವಾಗಿಲ್ಲ ಅಂತ ಬರ್ದಿದಾರೆ. ಎಷ್ಟು ಅಂತ ಹಾಕ್ಲಿ?'

ನಾನು ತಲೆ ಎತ್ತಲಿಲ್ಲ. 'ಪರವಾಗಿಲ್ಲ ಅಂದ್ರೆ ಪರವಾಗಿಲ್ಲ ಕಣಮ್ಮಾ. ಸೊನ್ನೆ ಹಾಕು.'

'ಎಲ್ರಿಗೂನಾ?'

'ಎಲ್ರಿಗೂ.'

ಸಭಿಕರೇ, ಆ ಮಾತನ್ನು ನಮ್ಮಲ್ಲಿ ಯಾರು ಆಡುತ್ತಾರೆ? ಕಾಲು ತುಳಿಸಿಕೊಂಡವರು ಆಡುತ್ತಾರೆ. ಕೊನೆಯ ಪಂಕ್ತಿಗೆ ಅನ್ನ ಸಾಲದೆ ಹೋದಾಗ ಎಲೆ ಮುಂದೆ ಕೂತವರು ಆಡುತ್ತಾರೆ. ನೋವೇ ಇಲ್ಲದವರಿಗೆ ಆ ಮಾತಿನ ಅಗತ್ಯ ಬೀಳುವುದಿಲ್ಲ. ಇದು ತಿಳಿಯಲು ವಿಜ್ಞಾನಿ ಆಗಬೇಕಿಲ್ಲ. ಆಗದಿದ್ದರೆ ಬೇಗ ತಿಳಿಯುತ್ತಿತ್ತೋ ಏನೋ.

ತಂಗಿ ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದಳು. ಕಳೆದ ತಿಂಗಳು ಕಪ್ಪುಹಲಗೆಯ ಮುಂದೆ ಬಿದ್ದಳು. ಮಿದುಳಿನ ಎಡಭಾಗಕ್ಕೆ ರಕ್ತ ಹರಿಯುವುದು ನಿಂತಿತ್ತು. ಬಲಗೈ ಹೋಗಿದೆ, ಮಾತು ಹೋಗಿದೆ. ಆ ಭಾಗದ ಚಿತ್ರವನ್ನು ನಾನು ಕಣ್ಣು ಮುಚ್ಚಿಯೂ ಬರೆಯಬಲ್ಲೆ. ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತು ಅವಳ ಪುಸ್ತಕ ತೆರೆದೆ. ಕೊನೆಯ ಹತ್ತೊಂಬತ್ತು ಸಂಜೆ ಅದೇ ಒಂದು ಮಾತು. ಅಕ್ಷರ ಮಾತ್ರ ದಿನದಿಂದ ದಿನಕ್ಕೆ ಗೆರೆ ಬಿಟ್ಟು ಕೆಳಗೆ ಜಾರಿತ್ತು. ನಮ್ಮ ಕಂಪ್ಯೂಟರಿನಲ್ಲಿ ಹತ್ತೊಂಬತ್ತು ಸೊನ್ನೆಗಳು ಒಂದರ ಕೆಳಗೊಂದು ನೆಟ್ಟಗೆ ನಿಂತಿದ್ದವು.

'ನೀವಾದ್ರೂ ಹೇಳ್ಬಾರ್ದಿತ್ತಾ?' ಎಂದು ಅವಳ ಗಂಡನನ್ನು ಕೇಳಿದೆ. ಅವರು ಗೋಡೆ ನೋಡುತ್ತ ಅಂದರು. 'ಅಕ್ಕನ ಲೆಕ್ಕ ಕೆಡತ್ತೆ, ಸುಮ್ನಿರಿ ಅಂದಿದ್ಲು.'

ಅರವತ್ತು ಪುಸ್ತಕಗಳನ್ನೂ ಮತ್ತೆ ಓದಿದೆ. ಆ ಸೊನ್ನೆಗಳನ್ನು ಅಳಿಸಿದರೆ ಹಣೆಯ ಪಟ್ಟಿಯಿಂದ ನೋವು ಇಳಿಯಿತು ಎನ್ನುವ ಮಾತು ಉಳಿಯುವುದಿಲ್ಲ. ಲೇಖನ ಹಿಂತೆಗೆದುಕೊಳ್ಳಿ ಎಂದು ಅದನ್ನು ಅಚ್ಚು ಮಾಡಿದ ವಿಜ್ಞಾನ ಪತ್ರಿಕೆಗೆ ಇವತ್ತು ಬೆಳಿಗ್ಗೆ ಬರೆದಿದ್ದೇನೆ. ಅಧ್ಯಕ್ಷರಿಗೆ ಮೊದಲೇ ತಿಳಿಸಬೇಕಿತ್ತು, ಕ್ಷಮಿಸಿ. ನೀವು ಕೊಟ್ಟ ಪ್ರಶಸ್ತಿ ಫಲಕವನ್ನು ಮೇಜಿನ ಮೇಲೇ ಬಿಟ್ಟು ಹೋಗುತ್ತೇನೆ. ಹೆಸರಿನ ತಗಡು ಕಿತ್ತರೆ ಇನ್ನೊಬ್ಬರಿಗೆ ಆದೀತು.

ಇಷ್ಟು ಹೊತ್ತು ಕೂತು ಕೇಳಿದ್ದಕ್ಕೆ ನಿಮಗೆಲ್ಲ ಕೃತಜ್ಞಳು. ಈ ಸಭಾಂಗಣದಲ್ಲಿ ತಲೆನೋವಿರುವವರು ಕೈ ಎತ್ತಿ ಎಂದು ಕೇಳಿ ಭಾಷಣ ಮುಗಿಸುವುದು ನನ್ನ ರೂಢಿ. ಇವತ್ತು ಕೇಳುವುದಿಲ್ಲ. ನೀವು ಹೇಳಿದ್ದನ್ನು ಏನೆಂದು ಬರೆದುಕೊಳ್ಳಬೇಕೋ ನನಗೀಗ ಗೊತ್ತಿಲ್ಲ. ನಮಸ್ಕಾರ.