ಮಗಳ ತಲೆಯ ಮೇಲಿನ ಆಣೆ

ತಾಯಂದಿರೇ, ಅಣ್ಣಂದಿರೇ, ಮೊದಲೇ ಕ್ಷಮೆ ಕೇಳುತ್ತೇನೆ. ಈ ಕುಡಿತದ ನೋವು ಇಲ್ಲಿ ಕೂತವರ ಮನೆಯಲ್ಲೇ ಇರಬಹುದು. ಅದನ್ನು ಕಥೆ ಮಾಡಿ ಹೇಳುವ ಯೋಗ್ಯತೆ ನನಗಿದೆಯೋ ಇಲ್ಲವೋ. ತಪ್ಪಾಡಿದರೆ ತಿದ್ದಿ.

ಒಂದೂರು. ಅಲ್ಲೊಬ್ಬ ಶ್ರೀಮಂತ, ದೊಡ್ಡ ಬಟ್ಟೆ ಅಂಗಡಿಯವನು. ಎಲ್ಲ ಇತ್ತು, ಕುಡಿತವೂ ಇತ್ತು. ಬೆಳಿಗ್ಗೆ ಒಂದು ಗುಟುಕು ಇಳಿಯದಿದ್ದರೆ ಕೈನಡುಕ ನಿಲ್ಲುತ್ತಿರಲಿಲ್ಲ. ಗಿರಾಕಿಗಳು ನಗುತ್ತಿದ್ದರು: “ಸಾಹುಕಾರ್ರೇ, ಬಟ್ಟೆ ಅಳೀತಿದ್ದೀರೋ, ಬಾವುಟ ಹಾರಿಸ್ತಿದ್ದೀರೋ?”

ಮನೆಯವರು ಏನು ಮಾಡಿದರು? ನಾವೆಲ್ಲ ಮಾಡುವುದನ್ನೇ. ದೇವರ ಮುಂದೆ ನಿಲ್ಲಿಸಿ, ಅವನ ಕೈಯನ್ನು ಮಗಳ ತಲೆಯ ಮೇಲೆ ಇಡಿಸಿದರು. “ಇನ್ನು ಮುಟ್ಟಿದರೆ ಇವಳಾಣೆ” ಅಂತ ಹೇಳಿಸಿದರು. ಅಳುತ್ತಾ ಹೇಳಿದ. ಮನಸಾರೆ ಹೇಳಿದ, ನೋಡಿ. ಸುಳ್ಳಲ್ಲ.

ಕೆಲವು ದಿನ ತಡೆದ. ಮೈ ನಡುಗಿತು, ಬೆವರಿತು, ನಿದ್ದೆ ಬರಲಿಲ್ಲ. ಕೊನೆಗೆ ಅಂಗಡಿಯ ಗೋದಾಮಿನಲ್ಲಿ ಕದ್ದು ಕುಡಿದ. ಅದೇ ವಾರ ಮಗಳಿಗೆ ಜ್ವರ ಬಂತು.

ಆ ತಂದೆಯ ಎದೆ ಏನಾಗಿರಬೇಕು, ಯೋಚಿಸಿ. ನಾನೇ ಇವಳನ್ನು ಕೊಲ್ಲುತ್ತಿದ್ದೇನೆ ಅಂದುಕೊಂಡ. ಯಾರಿಗೆ ಹೇಳುವುದು? ಹೇಳಿದರೆ ಆಣೆ ಮುರಿದದ್ದು ಗೊತ್ತಾಗುತ್ತದೆ. ಹೆದರಿಕೆ ತಡೆಯಲಾರದೆ ಮತ್ತೆ ಕುಡಿದ. ಕುಡಿದದ್ದಕ್ಕೆ ಮತ್ತೆ ಹೆದರಿದ.

ಮಗಳು ಹಾಸಿಗೆಯಿಂದಲೇ ಕರೆದಳು. “ಅಪ್ಪಾ, ಬಾಗಿಲಲ್ಲೇ ಯಾಕೆ ನಿಂತೆ? ಬಾ.”

“ಬೇಡ ಕಣಮ್ಮ. ನಾನು ಕುಡಿದುಬಿಟ್ಟೆ. ಅದಕ್ಕೇ ನಿನಗೆ ಹೀಗಾಯ್ತು.”

“ನಮ್ಮ ಕ್ಲಾಸಲ್ಲಿ ಅರ್ಧ ಜನಕ್ಕೆ ಜ್ವರ. ಅವರಪ್ಪಂದಿರೂ ಕುಡಿದರಾ?”

ಒಳಗಿದ್ದ ಹೆಂಡತಿಗೆ ಇದು ಕೇಳಿಸಿತು. ಬೈಯಲು ಬಾಯಿ ತೆರೆದವಳು ಬೈಯದೆ ಬಾಗಿಲಿಗೆ ಬಂದಳು. “ನಡೀರಿ ಆಸ್ಪತ್ರೆಗೆ. ಇಬ್ಬರಿಗೂ ಚೀಟಿ ಮಾಡಿಸ್ತೀನಿ” ಅಂದಳು.

ಡಾಕ್ಟರು ಹೇಳಿದರು, ಮಗಳದ್ದು ಎಲ್ಲೆಡೆ ಹಬ್ಬಿದ ಜ್ವರ, ಇಳಿಯುತ್ತದೆ; ಆದರೆ ಇಷ್ಟು ವರ್ಷ ಕುಡಿದ ಮೈ ಒಮ್ಮೆಲೇ ಬಿಟ್ಟರೆ ಪ್ರಾಣಕ್ಕೇ ಅಪಾಯ. ಔಷಧಿ ಬೇಕು. ಜೊತೆಗೆ ಕೂರುವ ಜನ ಬೇಕು.

ನೋಡಿ, ಆಣೆ ಮಾಡಿಸಿದವರು ಕೆಟ್ಟವರಲ್ಲ. ಪ್ರೀತಿಯಿಂದಲೇ ಮಾಡಿಸಿದರು. ಆದರೆ ಆ ಆಣೆ ಅವನ ಕುಡಿತ ಬಿಡಿಸಿತೇ? ಕುಡಿದದ್ದನ್ನು ಹೇಳಿಕೊಳ್ಳದ ಹಾಗೆ ಬಾಯಿ ಕಟ್ಟಿತು, ಅಷ್ಟೆ. ನಮ್ಮಲ್ಲಿ ಎಷ್ಟು ಮಕ್ಕಳ ತಲೆಯ ಮೇಲೆ ಇಂಥ ಕೈಯಿದೆ? ಇವತ್ತು ಮನೆಗೆ ಹೋಗಿ ಆ ಕೈ ಇಳಿಸಿ. “ಮತ್ತೆ ಕುಡಿದೆ” ಅಂದವನನ್ನು ಬೈಯುವ ಮೊದಲು ಕೂರಿಸಿ, ನೀರು ಕೊಡಿ, ಡಾಕ್ಟರ ಹತ್ತಿರ ಜೊತೆಗೆ ಹೋಗಿ. ಕುಡಿಯದೆಯೂ ಒಳಗೊಳಗೇ ಹೆದರಿ ನಿದ್ದೆಗೆಟ್ಟವರಿದ್ದಾರಲ್ಲ, ಅವರನ್ನೂ ಹಾಗೆಯೇ ಕರೆದುಕೊಂಡು ಹೋಗಿ.

ಆ ಶ್ರೀಮಂತ ಪೂರ್ತಿ ಬಿಟ್ಟನೇ? ಒಮ್ಮೆ ಬಿಟ್ಟ, ಮತ್ತೆ ಜಾರಿದ, ಬಂದು ಮನೆಯಲ್ಲಿ ಹೇಳಿದ. ಅಲ್ಲಿಯವರೆಗೆ ನನಗೆ ಗೊತ್ತು. ಮುಂದಿನದು ಗೊತ್ತಿಲ್ಲ.